ಗಣಿ ದಿಬ್ಬದ ಹೂಳು, ಶಾವಲಿಯ ಹೊಂಡ

ಸುಳ್ಳು ಹೇಳಿದರೆ ಮಸ್ಕಿ ಬಸ್ಸಿನಲ್ಲಿ ಜೀವಮಾನವೆಲ್ಲ ನಿಂತೇ ಹೋಗುವಂತಾಗಲಿ, ಇದು ಸಂತೆಕಲ್ಲೂರಿನಲ್ಲಿ ನಡೆದದ್ದೇ.

ಊರಾಚೆ ಹಳೆಯ ಗಣಿ ಮುಚ್ಚಿ, ಅದರ ಕಲ್ಲುಪುಡಿಯ ದಿಬ್ಬಕ್ಕೆ ಮಣ್ಣು ಹೊದಿಸಿ ಗಿಡ ಹಚ್ಚಿದ್ದರು. ದಿಬ್ಬದ ಕೆಳಗೇ ಶಾವಲಿಯ ಹೊಲ. ಬೇಸಿಗೆಯಲ್ಲಿ ಅವನ ಕುರಿಗಳಿಗೆ ಕುಡಿಯಲು ನೀರಿರಲಿಲ್ಲ. ಅದಕ್ಕೇ ಅರ್ಧ ಹೊಲವನ್ನೇ ಬಿಟ್ಟುಕೊಟ್ಟು ಅಲ್ಲಿ ಹೊಂಡ ತೋಡಿಸಲು ಹೊರಟ. ಹೊಂಡ ಕೆಟ್ಟರೆ ಹೊಲವೂ ಹೋಯಿತು, ನೀರೂ ಹೋಯಿತು.

ಜಲಾನಯನದ ಕೆಲಸ ನೋಡುವ ರೇಣುಕಮ್ಮ ಬಂದಳು. ಮಳೆಗೆ ದಿಬ್ಬದಿಂದ ಎಷ್ಟು ಹೂಳು ಇಳಿದು ಬರುತ್ತದೆ ಅಂತ ಮೊದಲು ಅಳೆಯೋಣ ಎಂದಳು. ಶಾವಲಿಗೆ ನಗು ಬಂತು. ಕೆರೆಯ ಹೂಳಿಗಾಗಿ ಜಗಳಾಡಿ ಟ್ರ್ಯಾಕ್ಟರ್ ಹಚ್ಚುವ ಊರು ಅದು.

"ಹೂಳು ಬಂದ್ರ ಬರ್ಲಿ ಬಿಡವಾ. ಪುಕ್ಕಟೆ ಗೊಬ್ಬರ," ಎಂದ.

"ಕಾಕಾ, ಇದು ಕೆರಿ ಹೂಳಲ್ಲ, ಗಣಿ ಹೂಳು. ಇದರಾಗ ಸತ್ವ ಇಲ್ಲ. ಒಂದು ಸಣ್ಣ ಗುಂಡಿ ತೋಡ್ರಿ, ಮಳಿನೇ ಹೇಳ್ತೈತಿ."

ಹೆಂಡತಿ ಮಕ್ತುಂಬೀ ಗುದ್ದಲಿ ಎತ್ತಿದ ಮೇಲೆ ಶಾವಲಿಯೂ ಎದ್ದ. ನೀರು ಇಳಿದು ಬರುವ ಕೊರಕಲಿನಲ್ಲಿ ಗುಂಡಿ ತೋಡಿದರು.

ಮಳೆ ಬಂತು. ಎಂಥ ಮಳೆ ಅಂದರೆ, ಲಿಂಗಸುಗೂರಿನಲ್ಲಿ ಒಣಹಾಕಿದ ಲುಂಗಿ ಸಿಂಧನೂರಿನಲ್ಲಿ ಸಿಕ್ಕಿತು. ಬೆಳಿಗ್ಗೆ ನೋಡಿದರೆ ಗುಂಡಿಯ ತುಂಬ ಬರೀ ಹೂಳು. ಶಾವಲಿ ಖುಷಿಯಿಂದ ಬುಟ್ಟಿ ತುಂಬಿ ಬದನೆ ಮಡಿಗೆ ಸುರಿದ. ಬಿಸಿಲಿಗೆ ಮಡಿ ಸಿಮೆಂಟಿನಂತೆ ಬಿಗಿಯಿತು. ಕೆದರಲು ಹೋದ ಕೋಳಿ ಉಗುರು ಮುರಿದುಕೊಂಡು, ಸಿಟ್ಟಿಗೆ ಪಕ್ಕದ ಮನೆಯಲ್ಲಿ ಮೊಟ್ಟೆ ಇಡಲು ಶುರು ಮಾಡಿತು.

"ಗೊಬ್ಬರ ಹೆಂಗೈತ್ರಿ?" ಮಕ್ತುಂಬೀ ಕೇಳಿದಳು. "ಬದನಿಕಾಯಿ ಬದಲಿ ಫರಸಿಕಲ್ಲು ಬಿಡ್ತಾವೇನು?"

ಹೂಳು ತುಂಬಿದ ಹೊಂಡ, ದಂಡೆಯ ಮೇಲೆ ಬಾಯಾರಿದ ಕುರಿ ಶಾವಲಿಯ ಕಣ್ಣಿಗೆ ಕಟ್ಟಿದವು. ಆಟೊ ಹತ್ತಿ ಹೋಗಿ ರೇಣುಕಮ್ಮನನ್ನು ತಾನೇ ಕರೆತಂದ.

"ಗುಂಡಿ ಗೆದ್ದೈತವಾ, ನಾ ಸೋತೀನಿ. ಹೊಂಡ ಹೆಂಗ ತೋಡಬೇಕು, ನೀನ ಹೇಳು."

ಮಳೆಗಾಲ ಮುಗಿಯುವತನಕ ಪ್ರತಿ ಮಳೆಗೂ ಗುಂಡಿಯ ಹೂಳನ್ನು ಬುಟ್ಟಿಯಲ್ಲಿ ಅಳೆದು ತೆಗೆದರು. ಗುಂಡಿ ದಾಟಿ ಹೋಗುವ ರಾಡಿ ನೀರನ್ನು ಬಾಟಲಿಯಲ್ಲಿ ಹಿಡಿದಿಟ್ಟು, ತಳಕ್ಕೆ ಕೂತ ಕೆಸರನ್ನೂ ಅಳೆದರು. ಎಲ್ಲ ಕೂಡಿಸಿ, ಜೋರು ಮಳೆಯ ವರ್ಷಕ್ಕೂ ಸಾಲುವಂತೆ ರೇಣುಕಮ್ಮ ಹೂಳಿನ ಅಂದಾಜು ಕಟ್ಟಿದಳು. ಹೊಂಡದ ಮುಂದೆ ಹೂಳು ತಡೆಯುವ ಗುಂಡಿ ಬಂತು. ಹೊಂಡವನ್ನೂ ಮೊದಲು ಅಂದುಕೊಂಡದ್ದಕ್ಕಿಂತ ಆಳವಾಗಿ ತೋಡಿದರು. ದಿಬ್ಬದ ಮೈಗೆ ಹುಲ್ಲು ಹಚ್ಚಿದರು. ನೀರು ಪರೀಕ್ಷೆಯಲ್ಲಿ ಪಾಸಾದ ಮೇಲೆಯೇ ಕುರಿ ಇಳಿದವು. ಮುಂದಿನ ಬೇಸಿಗೆಯಲ್ಲಿ ಊರಿನ ಕುರಿಗಳೆಲ್ಲ ಶಾವಲಿಯ ಹೊಲಕ್ಕೇ ಬೀಗರಂತೆ ಬಂದವು.

ನಿಮ್ಮೂರಲ್ಲೂ ಗಣಿ ದಿಬ್ಬದ ಕೆಳಗೆ ಹೊಂಡ ತೋಡುವುದಿದ್ದರೆ, ಮೊದಲು ಸಣ್ಣ ಗುಂಡಿ ತೋಡಿ, ಒಂದು ಮಳೆಗಾಲ ಹೂಳು ಅಳೆಯಿರಿ. ಪರೀಕ್ಷೆ ಮಾಡಿಸದೆ ಆ ಹೂಳನ್ನು ಹೊಲಕ್ಕೆ ಹಾಕಬೇಡಿ. ಗುಂಡಿಯ ಹೂಳನ್ನು ವರ್ಷವರ್ಷ ಬಳಿದು ತೆಗೆಯಿರಿ.

ಅಂದಹಾಗೆ, ಶಾವಲಿಯ ಹೂಳಿನ ಗುಂಡಿ ಈ ವರ್ಷ ತುಂಬಿ ಕೂತಿದೆ. ಇಷ್ಟು ಹೊತ್ತು ಕಥೆ ಕೇಳಿ ಕೈಕಾಲಿಗೆ ಚೆನ್ನಾಗಿ ವಿಶ್ರಾಂತಿ ಸಿಕ್ಕಿದೆಯಲ್ಲ? ನಾಳೆ ಬೆಳಿಗ್ಗೆ ಬನ್ನಿ. ಚಹಾ ಮಕ್ತುಂಬೀಯದು, ಸಲಿಕೆ ಮಾತ್ರ ನಿಮ್ಮದೇ ತರಬೇಕು.