ಬಾಣಂತಿಗೊಂದು ಕೋಣೆ

ಮನೆಯ ಗೇಟಿಗೆ ಅಂಟಿಸಿದ್ದ ಕಾಗದವನ್ನು ಅಬ್ದುಲ್ ವಹಾಬ್ ಉಗುರಿನಿಂದ ಕೆರೆದು ಕೀಳುತ್ತಿದ್ದ. ಅರ್ಧ ಹರಿದು ಬಂತು. ‘ವಿಟ್ಲದ ಮಗುವಿನ ತಾಯಿಗೆ ನೆರವು, ಶುಕ್ರವಾರ ಜುಮಾ ನಂತರ’ ಎಂಬ ಸಾಲು ಮಾತ್ರ ಗೇಟಿನಲ್ಲೇ ಉಳಿಯಿತು.

“ಅದನ್ನು ಯಾಕೆ ತೆಗೀತೀರಿ, ವಹಾಬಣ್ಣ?”

ಸಾವಿನ ಸುದ್ದಿ ಕೇಳಿ ಅಳದಂಗಡಿಯಿಂದ ಮೊದಲ ಬಸ್ಸಿಗೇ ಬಂದಿದ್ದ ಪ್ರಫುಲ್ಲಾ ಹಿಂದೆ ನಿಂತಿದ್ದಳು. ಅತ್ತು ಅತ್ತು ಅವಳ ಸ್ವರ ಕಟ್ಟಿತ್ತು.

“ಉಮ್ಮನ ಮಯ್ಯತ್ ಒಳಗುಂಟು. ಮೀಯಿಸ್ಲಿಕ್ಕೆ ನೀರು ಬಿಸಿ ಆಗ್ತಾ ಉಂಟು. ಇವತ್ತು ಮಸೀದಿ ಗೇಟಿನಲ್ಲಿ ದುಡ್ಡಿನ ಬಕೆಟ್ ಹಿಡಿದು ನಿಲ್ಲುವವರು ಯಾರು? ತಾಯಿಯ ಮಯ್ಯತ್ ತೋರಿಸಿ ದುಡ್ಡು ಎತ್ತಿದ ಅಂತ ಜನ ಹೇಳ್ಲಿಕ್ಕಿಲ್ವಾ?”

“ಆ ಮಗುವಿನ ತಾಯಿ ಸುಪ್ರೀತಾಳ ರೂಮಿಗೆ ದುಡ್ಡು ಕಟ್ಟಿದ್ದು ಇವತ್ತಿನವರೆಗೆ ಮಾತ್ರ. ನಾಳೆ ಅವಳು ವಿಟ್ಲಕ್ಕೆ ಹೋಗ್ಬೇಕು. ಮಗು ಮಂಗಳೂರು ಆಸ್ಪತ್ರೆಯಲ್ಲೇ.”

“ಮುಂದಿನ ವಾರ ಮಾಡುವ.”

“ಒಂದು ಕಿಲೋ ಸಹ ಇಲ್ಲದ ಮಗು ಅದು. ಮುಂದಿನ ವಾರ ಅಂತ ಅದಕ್ಕೆ ಯಾರು ಹೇಳುವುದು?”

ವಹಾಬ್ ಕಾಗದದ ಚೂರನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದ. ಹಿಂದಿನ ಸಂಜೆ ನಮಾಝಿಗೆ ಕೂತಿದ್ದ ಅವನ ತಾಯಿ ರುಖಿಯಮ್ಮ ಮತ್ತೆ ಏಳಲಿಲ್ಲ. ವಯಸ್ಸು ಎಪ್ಪತ್ತೆರಡು. ಪುಂಜಾಲಕಟ್ಟೆಯಲ್ಲಿ ಐವತ್ತು ವರ್ಷ ಬೀಡಿ ಕಟ್ಟಿದ್ದ ಕೈಗಳು ಈಗ ಬಿಳಿ ಬಟ್ಟೆಯ ಕೆಳಗಿದ್ದವು.

*

ಒಂಬತ್ತು ವರ್ಷಗಳ ಹಿಂದೆ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ರುಖಿಯಮ್ಮನಿಗೆ ಸಿಕ್ಕಿದ್ದು ಪ್ರಫುಲ್ಲಾಳ ಪಕ್ಕದ ಸೀಟು. ಹುಡುಗಿಯ ಮಡಿಲಲ್ಲಿ ಒಂದು ಫ್ಲಾಸ್ಕು. ಬಸ್ಸು ಕುಲುಕಿದಾಗಲೆಲ್ಲ ಅದನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು.

“ಎಂತ ಅದರಲ್ಲಿ?”

“ಹಾಲು. ನನ್ನದೇ. ಮಗು ಆಸ್ಪತ್ರೆಯಲ್ಲುಂಟು. ಏಳು ತಿಂಗಳಿಗೇ ಹುಟ್ಟಿದ್ದು.”

“ಮಗು ಅಲ್ಲಿ, ನೀನು ಇಲ್ಲಿ?”

“ಮಗುವಿಗೆ ಗಾಜಿನ ಪೆಟ್ಟಿಗೆ ಕೊಟ್ಟಿದ್ದಾರೆ. ನನಗೆ ಮಲಗ್ಲಿಕ್ಕೆ ಜಾಗ ಇಲ್ಲ. ರೂಮಿಗೆ ನಮ್ಮಿಂದ ಆಗುವುದಿಲ್ಲ.”

ಬಿ.ಸಿ.ರೋಡಿನಲ್ಲಿ ಇಳಿಯಬೇಕಿದ್ದ ರುಖಿಯಮ್ಮ ಇಳಿಯಲಿಲ್ಲ. ಆಸ್ಪತ್ರೆಯವರೆಗೂ ಹೋಗಿ, ಗಾಜಿನಾಚೆ ಮಲಗಿದ್ದ ಕೂಸನ್ನು ಬಹಳ ಹೊತ್ತು ನೋಡಿ, ಹಸಿಬಾಣಂತಿಯನ್ನು ಬಸ್ಸು ಹತ್ತಿಸಿದ್ದಕ್ಕೆ ಅಲ್ಲಿದ್ದ ಪ್ರಫುಲ್ಲಾಳ ಗಂಡನಿಗೆ ಎಲ್ಲರೆದುರೇ ಬೈದಳು. ಮರುದಿನ ಬಾಣಂತಿಯ ರೂಮಿನ ಬಾಡಿಗೆ ಎತ್ತಲು ಬಕೆಟ್ ಹಿಡಿದು ಅಂಗಡಿ ಅಂಗಡಿ ಹತ್ತಿದಳು.

ಅಲ್ಲಿಂದ ಅದು ನಿಲ್ಲಲಿಲ್ಲ. ಬಂಟ್ವಾಳ ಪೇಟೆ, ಬೆಳ್ತಂಗಡಿ, ಮೂಡಬಿದ್ರೆ ಬಸ್ ಸ್ಟ್ಯಾಂಡು. ಭಾನುವಾರ ಇಗರ್ಜಿಯ ಮುಂದೆ, ಶುಕ್ರವಾರ ಮಸೀದಿಯ ಗೇಟಿನ ಹೊರಗೆ. ಅವಳ ಮಾತೂ ಒರಟು. “ಮದುವೆಗೆ ಇಷ್ಟು ಲೈಟು ಹಾಕಿದ್ದೀಯಲ್ಲ, ಬಾಣಂತಿಯ ಕೋಣೆಗೆ ಒಂದು ಬಲ್ಬಿನಷ್ಟಾದರೂ ಕೊಡು” ಎಂದು ಚಪ್ಪರದಲ್ಲೇ ಕೇಳುವಳು. ಅವಳು ಬರುವುದು ಕಂಡು ಷಟರ್ ಎಳೆದವರೂ ಇದ್ದರು.

ಹನ್ನೆರಡು ವರ್ಷ ದಮ್ಮಾಮಿನಲ್ಲಿ ದುಡಿದು, ಊರಿಗೆ ಬಂದು ಬಟ್ಟೆ ಅಂಗಡಿ ಇಟ್ಟ ವಹಾಬನಿಗೆ ನಾಚಿಕೆಯಾಗುತ್ತಿತ್ತು. ಒಮ್ಮೆ ನಡುಪೇಟೆಯಲ್ಲೇ ಉಮ್ಮನ ಕೈಯಿಂದ ಬಕೆಟ್ ಕಿತ್ತುಕೊಂಡಿದ್ದ. ಮರುದಿನ ಅವಳು ಹೊಸದು ತಂದಳು. ಮೊದಲಿನದಕ್ಕಿಂತ ದೊಡ್ಡದು.

*

ಮೀಯಿಸಿ, ಬಿಳಿ ಬಟ್ಟೆ ಸುತ್ತಿ ಮುಗಿಸಿದ ಮೇಲೆ ನೆರೆಮನೆಯ ಆಯಿಶಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಹೊರಗೆ ಬಂದಳು. ಜಗಲಿಯಲ್ಲಿ ಕೂತಿದ್ದ ವಹಾಬನ ಪಕ್ಕ ಕೂತಳು.

“ಮೋನೇ, ನಿನಗಿಂತ ಮೊದಲು ಒಂದು ಹೆಣ್ಣು ಹುಟ್ಟಿತ್ತು. ಗೊತ್ತುಂಟಾ?”

“ಹುಟ್ಟುವಾಗಲೇ ಹೋದದ್ದಲ್ವಾ?”

“ಅಲ್ಲ. ಏಳು ತಿಂಗಳದ್ದು. ಹತ್ತಿಯಲ್ಲಿ ಸುತ್ತಿ ನಿನ್ನ ಬಾಪ ಜೀಪಿನಲ್ಲಿ ಮಂಗಳೂರಿಗೆ ಕೊಂಡುಹೋದ್ರು. ಬಾಣಂತಿ ಹೊಸ್ತಿಲು ದಾಟಬಾರದು ಅಂತ ನಿನ್ನ ಅಜ್ಜಿ ಇವಳನ್ನು ಬಿಡ್ಲಿಲ್ಲ. ಆರು ದಿನ ಬದುಕಿತ್ತಂತೆ. ಇವಳು ಇಲ್ಲಿ ಹಾಲು ಹಿಂಡಿ ಹಿಂಡಿ ತೆಂಗಿನ ಬುಡಕ್ಕೆ ಚೆಲ್ಲಿದಳು. ಒಂದು ಸಲ ಸಹ ಮುಖ ನೋಡ್ಲಿಲ್ಲ. ದಫನ್ ಅಲ್ಲೇ ಮಾಡಿ ಬಂದ್ರು.”

ವಹಾಬ್ ಅಂಗಳವನ್ನೇ ನೋಡುತ್ತಿದ್ದ.

“ನನಗೆ ಯಾಕೆ ಹೇಳ್ಲಿಲ್ಲ?”

“ನೀನು ಕೇಳಿದ್ದೀಯಾ, ಉಮ್ಮಾ ಯಾಕೆ ಹೀಗೆ ತಿರುಗ್ತೀರಿ ಅಂತ? ನಾಚಿಕೆ ಆಗ್ತದೆ ಅಂತ ಮಾತ್ರ ಹೇಳಿದ್ದಲ್ವಾ?”

*

ಜುಮಾ ಮುಗಿದು ಮಯ್ಯತ್ ನಮಾಝ್ ಆಯಿತು. ಗುಂಡಿಗಿಳಿದು ಉಮ್ಮನನ್ನು ಮಲಗಿಸಿದ ವಹಾಬ್, ಮೂರು ಹಿಡಿ ಮಣ್ಣು ಹಾಕಿದ. ದುಆ ಮುಗಿಯುವುದರೊಳಗೆ ಅವನು ಜನರ ನಡುವಿನಿಂದ ಸರಿದು ಮಸೀದಿಯ ಗೇಟಿಗೆ ನಡೆದಿದ್ದ.

ಹೊರಬಂದವರು ನಿಂತುಬಿಟ್ಟರು. ಮೊಣಕೈವರೆಗೆ ಮಣ್ಣು ಮೆತ್ತಿದ ವಹಾಬ್ ಉಮ್ಮನ ಬಕೆಟ್ ಹಿಡಿದು ನಿಂತಿದ್ದ.

“ಉಮ್ಮ ಇವತ್ತು ಇಲ್ಲಿ ನಿಲ್ಲಬೇಕಿತ್ತು,” ಎಂದಷ್ಟೇ ಹೇಳಿದ.

ಜಮಾಅತಿನ ಹಿರಿಯ ಅಬ್ದುಲ್ ಶುಕೂರ್ ಹಾಜಿ ಅವನನ್ನೇ ದಿಟ್ಟಿಸಿದರು. “ಇಪ್ಪತ್ತು ಸಲ ನಾನು ಅವಳನ್ನು ಈ ಗೇಟಿನಿಂದ ಓಡಿಸಿದ್ದೇನೆ, ಮಾರಾಯ,” ಎಂದರು. ನಂತರ ಜೇಬಿಗೆ ಕೈ ಹಾಕಿದರು. ಹಿಂದೆ ನಿಂತಿದ್ದವರು ಒಬ್ಬೊಬ್ಬರಾಗಿ ಮುಂದೆ ಬಂದರು. ಅಂಗಡಿ ಮುಚ್ಚಿ ಸಾವಿಗೆ ಬಂದು ರಸ್ತೆಯಾಚೆ ನಿಂತಿದ್ದ ಶೀನಪ್ಪ ಶೆಟ್ಟಿಯೂ ದಾಟಿ ಬಂದ.

ಸಂಗ್ರಹವಾದದ್ದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಪ್ರಫುಲ್ಲಾ ಮಂಗಳೂರಿನ ಬಸ್ಸು ಹತ್ತಿದಳು. ಸಾವಿನ ಸುದ್ದಿಯನ್ನು ಸುಪ್ರೀತಾಳಿಗೆ ಎದುರು ಕೂತೇ ಹೇಳುತ್ತೇನೆಂದಳು.

ಅವಳು ಹೋಗಿ ಸ್ವಲ್ಪ ಹೊತ್ತಿಗೆ ಮನೆಯೊಳಗೆ ಫೋನು ಬಡಿದುಕೊಂಡಿತು. ಕಿಟಕಿಯ ಮೇಲಿದ್ದ ಉಮ್ಮನ ಬಟನ್ ಫೋನು. ಕಿವಿ ಮಂದವಾದ ಮೇಲೆ ಅವಳು ಅದರ ಸ್ಪೀಕರು ಹಾಕಿಯೇ ಮಾತಾಡುತ್ತಿದ್ದಳು. ವಹಾಬ್ ಎತ್ತಿದ. ಉಮ್ಮ ಒತ್ತುತ್ತಿದ್ದ ಬಟನ್ನನ್ನೇ ಒತ್ತಿದ್ದರಿಂದ ಸ್ವರ ಕೋಣೆಯಿಡೀ ಕೇಳಿಸಿತು.

“ರುಖಿಯಮ್ಮಾ, ನಾನು ಸುಪ್ರೀತಾ. ಮಗುವಿನ ಉಸಿರಿನ ಪೈಪು ತೆಗೆದ್ರು! ನನ್ನ ಎದೆ ಮೇಲೆ ಮಲಗಿಸಿದ್ದಾರೆ. ನೀವು ಬೈಬೇಡಿ, ಎಂತದೂ ಹೇಳ್ಬೇಡಿ. ಸುಮ್ಮನೆ ಕೇಳಿ ಮಾತ್ರ.”



ಆಚೆಯಿಂದ ಎಳೆಯ ಅಳು ಬಂತು. ಬೆಕ್ಕಿನ ಮರಿಯದಕ್ಕಿಂತ ಸಣ್ಣದು. ನಡುನಡುವೆ ಕಡಿದು ಹೋಗಿ ಮತ್ತೆ ಹಿಡಿದುಕೊಳ್ಳುತ್ತಿತ್ತು. ಕುರ್‌ಆನ್ ಓದುತ್ತಿದ್ದ ಹೆಂಗಸರು ತಲೆ ಎತ್ತಿದರು. ಆಯಿಶಮ್ಮ ಫ್ಯಾನು ನಿಲ್ಲಿಸಿದಳು. ಉಮ್ಮ ಮಲಗುತ್ತಿದ್ದ ಕೋಣೆಯ ಬಾಗಿಲಲ್ಲಿ ವಹಾಬ್ ಫೋನನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಂತೇ ಇದ್ದ.