ಒಬ್ಬರನ್ನು ಕರೆತನ್ನಿ

"ಎಲ್ಲರದ್ದೂ ಹಸಿರಾಯ್ತು, ನಿಮ್ಮದೊಂದೇ ಬಾಕಿ ಮೇಡಂ," ಎಂದು ಮ್ಯಾನೇಜರ್ ತಂಡದವರ ಹೆಸರುಗಳಿದ್ದ ಮೀಟಿಂಗ್ ರೂಮಿನ ಪರದೆ ತೋರಿಸಿ ನಕ್ಕ. "ಅಡುಗೆ ಮಾಡಿದವರೇ ಊಟಕ್ಕೆ ಕೂತಿಲ್ಲ ಅಂದ್ರೆ ಹೇಗೆ?"

ಕ್ರಿಪ್ಟೊ ಕಾಯಿನ್ ಮಾರುವ ಆ ಕಂಪನಿಯ ಆ್ಯಪ್‌ಗೆ ಜನರಿಂದಲೇ ಜನರನ್ನು ಕರೆತರಿಸುವ ಯೋಜನೆ ರೂಪಿಸಿದವಳು ಅವಳೇ. ಹಳೆಯ ಯೋಜನೆಯಲ್ಲಿ ಬಹುಮಾನದ ಆಸೆಗೆ ಕೆಲವರು ಇಲ್ಲದ ಜನರನ್ನೆಲ್ಲ ಹುಟ್ಟಿಸಿ ಸೇರಿಸಿದ್ದರು. ಅದಕ್ಕೇ ಅವಳು ಒಂದು ನಿಯಮ ಹಾಕಿದಳು: ಕರೆದವರ ನಂಬರ್ ಕರೆಸಿಕೊಂಡವರ ಫೋನಿನಲ್ಲಿ ಮೊದಲೇ ಇರಬೇಕು. ಪರಿಚಯವಿಲ್ಲದೆ ಯಾರು ಯಾರ ನಂಬರ್ ಇಟ್ಟುಕೊಳ್ಳುತ್ತಾರೆ? ಎಲ್ಲರೂ ಭೇಷ್ ಎಂದಿದ್ದರು. ನಾಳೆಯೇ ಬಿಡುಗಡೆ. ಅದಕ್ಕೆ ಮುಂಚೆ ತಂಡದ ಪ್ರತಿಯೊಬ್ಬರೂ ಆಫೀಸಿನ ಹೊರಗಿನ ಒಬ್ಬರನ್ನು ಸೇರಿಸಿ ಪರೀಕ್ಷಿಸಬೇಕಿತ್ತು.

ಅವಳು ತನ್ನ ಸೀಟಿಗೆ ಬಂದು ಫೋನ್ ತೆರೆದಳು. ಗ್ಯಾಸಿನವನು, ಪ್ಲಂಬರ್, ಹಲ್ಲಿನ ಡಾಕ್ಟರು, ಮನೆಯ ಓನರ್. ಇವರಲ್ಲಿ ಯಾರ ಫೋನಿನಲ್ಲಿ ತಾನಿದ್ದೇನೆ? ಲಕ್ಷಗಟ್ಟಲೆ ಜನರ ಬಳಗ ಕಟ್ಟಲು ಹೊರಟವಳಿಗೆ ಕರೆಯಲು ಒಬ್ಬರೂ ಸಿಗಲಿಲ್ಲ. ನಾಚಿಕೆಯಾಯಿತು. ಆಮೇಲೆ ಭಯವಾಯಿತು.

ಉಳಿದವಳು ಅಕ್ಕ. ಅಕ್ಕನ ಆಪರೇಷನ್ ಆದಾಗ ಕೆಲಸದ ನೆಪ ಹೇಳಿ ಹೋಗಿರಲಿಲ್ಲ. ಆಮೇಲೆ ಯಾವ ಮುಖ ಇಟ್ಟುಕೊಂಡು ಮಾತಾಡಲಿ ಎಂದು ಫೋನೂ ಮಾಡಿರಲಿಲ್ಲ. ಇವತ್ತು ನಾಳೆ ಎನ್ನುತ್ತಾ ವರ್ಷಗಳೇ ಕಳೆದಿದ್ದವು.

ಮೊದಲ ರಿಂಗಿಗೇ ಅಕ್ಕ ಎತ್ತಿದಳು. "ಅಯ್ಯೋ, ನೀನೇನೇ! ಹುಷಾರಾಗಿದ್ದೀಯಾ ತಾನೇ? ತಾಳು, ಒಲೆ ಆರಿಸಿ ಬರ್ತೀನಿ, ನಿಧಾನವಾಗಿ ಮಾತಾಡೋಣ."

ಬಂದು ಕುರ್ಚಿ ಎಳೆದುಕೊಂಡ ಸದ್ದೂ ಕೇಳಿಸಿತು. ಕಾಲು ನೋವು, ಭಾವನ ಗೊರಕೆ, ಮೇಲಿನ ಮನೆಯವರ ನಾಯಿ, ಎಲ್ಲ ಹೇಳಿದಳು. ಆಸ್ಪತ್ರೆಯ ಮಾತು ಮಾತ್ರ ಎತ್ತಲಿಲ್ಲ. ಇವಳಿಗೆ ಹೀಗೇ ಕೇಳುತ್ತಾ ಕೂತುಬಿಡೋಣ ಅನ್ನಿಸಿತು. ಗಾಜಿನಾಚೆ ಮ್ಯಾನೇಜರ್ ಕೈಗಡಿಯಾರ ತಟ್ಟಿ ತೋರಿಸಿದ.

"ಅಕ್ಕಾ, ನಿನಗೊಂದು ಲಿಂಕ್ ಕಳಿಸ್ಲಾ? ಆಫೀಸಿಂದು. ಬರೀ ಟೆಸ್ಟು. ದುಡ್ಡೇನೂ ಹಾಕ್ಬೇಕಾಗಿಲ್ಲ."

"ಓ... ಅದಕ್ಕಾ," ಎಂದಳು ಅಕ್ಕ. ಬೈದಿದ್ದರೂ ಚೆನ್ನಾಗಿತ್ತು. "ಕಳಿಸು, ಅದಕ್ಕೇನಂತೆ."

ಕಳಿಸಿದಳು.

"ಬಂತು. 'ಪುಟ್ಟಿ ನಿಮ್ಮನ್ನು ಕರೆಯುತ್ತಿದ್ದಾರೆ' ಅಂತಿದೆ. ನಿನ್ನ ನಂಬರ್ ಹಾಗೇ ಬರ್ಕೊಂಡಿದ್ನಲ್ಲ, ಅದನ್ನೇ ತೋರಿಸ್ತಿದೆ ನೋಡು."

ಎಲ್ಲರಿಗೂ ಮೇಡಂ ಆಗಿದ್ದವಳನ್ನು ಪುಟ್ಟಿ ಎನ್ನುವವರು ಬೇರೆ ಯಾರೂ ಉಳಿದಿರಲಿಲ್ಲ.

"ಅಕ್ಕಾ, ಬೇಡ, ಒತ್ತಬೇಡ. ನಾನು..."

"ಒತ್ತಿಬಿಟ್ನಲ್ಲೇ. ನಿನ್ನ ಕೆಲಸ ಆಯ್ತು ತಾನೇ? ಸರಿ, ಇಡ್ಲಾ ಹಾಗಾದ್ರೆ?"

ಅಕ್ಕ ಫೋನ್ ಇಟ್ಟಳು.

ಮೀಟಿಂಗ್ ರೂಮಿನ ಪರದೆಯಲ್ಲಿ ಅವಳ ಹೆಸರೂ ಹಸಿರಾಗಿ, ಚಪ್ಪಾಳೆ ಕೇಳಿಸಿತು. ಅವಳ ಫೋನಿನ ಪರದೆಯ ತುಂಬ ಆ್ಯಪ್‌ನ ಅಭಿನಂದನೆಯ ಬಣ್ಣದ ಕಾಗದದ ಚೂರುಗಳು ಉದುರತೊಡಗಿದವು. ಯೋಜನೆ ರೂಪಿಸುವಾಗ, ಅದನ್ನು ನಿಲ್ಲಿಸಲು ಒಂದು ಗುಂಡಿ ಇಡಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.