ಆ ಕಡೆಯ ಗಾಳಿ

ಪೈಪಿನ ಬಾಯಿಗೆ ಕಟ್ಟಿದ ಕೆಂಪು ಬಟ್ಟೆಯ ಚೂರು ಹೊರಮುಖವಾಗಿ ಹಾರಾಡುತ್ತಲೇ ಇತ್ತು. ಹುಷಾರಪ್ಪ ಅದನ್ನೊಮ್ಮೆ ನೋಡಿದ, ಕೈಯಲ್ಲಿದ್ದ ಹಗ್ಗವನ್ನೊಮ್ಮೆ ನೋಡಿದ. ಅಷ್ಟರಲ್ಲಿ ದಿಬ್ಬದ ಆಚೆ ಎಲ್ಲೋ ದೂರದಿಂದ ಮತ್ತೆ ಆ ಸದ್ದು ಬಂತು. ಗುಡುಗು ಎನ್ನೋಣವೆಂದರೆ ಆಕಾಶದಲ್ಲಿ ಮೋಡವಿರಲಿಲ್ಲ. ಬಂಡೆ ಒಡೆಯುವ ಕೆಲಸ ಮುಗಿದು ತಿಂಗಳುಗಳಾಗಿದ್ದವು.

"ಏನಣ್ಣ ಅದು?" ಪಕ್ಕದಲ್ಲಿ ಕೇಬಲ್ ಸುತ್ತುತ್ತಿದ್ದ ವೆಲ್ಡರ್ ಕೇಳಿದ.

"ನನ್ನ ಕೇಳ್ತೀಯಲ್ಲ, ನಾನೇನು ಸೇನಾಧಿಪತಿಯಾ?" ಎಂದ ಹುಷಾರಪ್ಪ. ತಮಾಷೆಗೆಂದು ಹೊರಟ ಮಾತು ಬಾಯಿಗೆ ಬರುವಷ್ಟರಲ್ಲಿ ಒಣಗಿಹೋಗಿತ್ತು.

ಅವನ ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಬರುತ್ತಿತ್ತು. ಬೋಲ್ಟು ಬಿಗಿಯುವವನಿಗೂ ಹುಷಾರು, ಬಿಸಿ ಚಹಾ ಕುಡಿಯುವವನಿಗೂ ಹುಷಾರು ಎಂದು ದಿನವಿಡೀ ಹೇಳುತ್ತಿದ್ದ ಈ ಫಿಟ್ಟರನಿಗೆ ಜೊತೆಯವರೇ ಇಟ್ಟ ಹೆಸರು ಇದು. ಅವನು ಬೇಸರಪಟ್ಟುಕೊಂಡವನಲ್ಲ. ಹಿಂದೆ ಬೇರೊಂದು ಕಡೆ ಪೈಪಿನೊಳಗೆ ಇಳಿದ ಒಬ್ಬ ಗಾಳಿಯಿಲ್ಲದೆ ಸತ್ತದ್ದನ್ನು ಅವನು ಕಣ್ಣಾರೆ ಕಂಡಿದ್ದ. ಎಳೆದು ತೆಗೆದಾಗ ಆ ಮುಖ ಮಧ್ಯಾಹ್ನದ ನಿದ್ದೆಯಲ್ಲಿರುವವನ ಮುಖದ ಹಾಗಿತ್ತು. ಒದ್ದಾಡಿದ ಗುರುತು ಕೂಡ ಇರಲಿಲ್ಲ.

ಈಗ ಪೈಪಿನೊಳಗೆ ಇದ್ದವನು ಅವನ ಹೆಂಡತಿಯ ತಮ್ಮ. ಕಡ್ಡಿಯಂಥ ಆಳು, ಎಲ್ಲಿ ಬೇಕಾದರೂ ನುಸುಳುತ್ತಾನೆಂದು ಎಲ್ಲರ ಬಾಯಲ್ಲೂ ಇಲಿ. ಗಾಲಿ ಹಾಕಿದ ಒಂದು ಹಲಗೆ, ಅದರ ಮೇಲೆ ಬೋರಲು ಮಲಗಿದ ಇಲಿ, ಹಣೆಗೆ ದೀಪ, ಕೈಯಲ್ಲಿ ಅರ ಮತ್ತು ತಂತಿ ಬ್ರಷ್ಷು. ಬೆಸುಗೆಯ ಒಳಮೈಯಲ್ಲಿ ಇಳಿದು ಗಟ್ಟಿಯಾದ ಕಬ್ಬಿಣದ ಹನಿಗಳನ್ನು ಉಜ್ಜಿ ತೆಗೆಯುವುದು ಅವನ ಕೆಲಸ. ಹಲಗೆಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಭಾವನ ಕೈಯಲ್ಲಿ. "ಕಡ ತಂದ ಪಾತ್ರೆ ಥರ ನನ್ನ ತಮ್ಮನ್ನ ಸಂಜೆ ವಾಪಸ್ ತಂದೊಪ್ಪಿಸ್ಬೇಕು, ಒಂದು ಗೀರೂ ಆಗಿರಬಾರದು" ಎಂದು ಹೆಂಡತಿ ಪ್ರತಿ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು.

ದಿಬ್ಬದ ಆಚೆಯ ದೇಶದಲ್ಲಿ ಅನಿಲವಿತ್ತು, ಈಚೆಯ ದೇಶದಲ್ಲಿ ಒಲೆಗಳೂ ಕಾರ್ಖಾನೆಗಳೂ ಇದ್ದವು. ಎರಡೂ ಕಡೆಯ ಮಂತ್ರಿಗಳು ಕೈಕುಲುಕಿದ ಫೋಟೊ ಕೆಲಸದ ಕಚೇರಿಯ ಗೋಡೆಯ ಮೇಲೆ ವರ್ಷಗಟ್ಟಲೆ ನಗುತ್ತಿತ್ತು. ಹೋದ ವಾರ ಸಮುದ್ರದಲ್ಲಿ ಯಾರೋ ಯಾರದೋ ಹಡಗನ್ನು ಹಿಡಿದಿಟ್ಟರು. ಮರುದಿನ ಫೋಟೊ ಇದ್ದ ಜಾಗದಲ್ಲಿ ಮೊಳೆ ಮಾತ್ರ ಉಳಿಯಿತು. ಗಡಿಯ ಹತ್ತಿರ ಫೋನು, ವಾಕಿಟಾಕಿ ಎಲ್ಲವೂ ಬಂದ್ ಆದವು. ಆದರೂ ಸೂಪರ್‌ವೈಸರ್, "ಜಗಳ ಅವರದ್ದು, ಪೈಪು ನಮ್ಮದು. ಉಳಿದಿರೋದು ಕೊನೇ ಬೆಸುಗೆ, ಮುಗಿಸಿಬಿಡೋಣ" ಎಂದಿದ್ದರು. ಬೆಳಿಗ್ಗೆ ಎರಡೂ ದೇಶದ ವೆಲ್ಡರುಗಳು ಒಂದೇ ಗುಂಡಿಯಲ್ಲಿ ಎದುರುಬದುರು ಕೂತು ಆ ಬೆಸುಗೆ ಹಾಕಿದ್ದರು. ಎದ್ದುಹೋಗುವಾಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಗುಂಡಿಯ ಪಕ್ಕದಲ್ಲೇ ಗಡಿಯ ತಂತಿಬೇಲಿ ಹೊತ್ತ ದಿಬ್ಬ. ಈಚೆ ಪೈಪಿನ ಒಂದು ಬಾಯಿ, ಆಚೆ ಇನ್ನೊಂದು. ಆಚೆಯ ಬಾಯಿಗೆ ಅವರು ದೊಡ್ಡ ಫ್ಯಾನ್ ಇಟ್ಟು ಒಳಗೆ ಗಾಳಿ ತಳ್ಳುತ್ತಿದ್ದರು. ಬೆಸುಗೆಯ ಹೊಗೆ ತುಂಬಿದ ಪೈಪಿನಲ್ಲಿ ಇಲಿ ಉಸಿರಾಡುತ್ತಿದ್ದದ್ದು ಆ ಗಾಳಿಯಿಂದಲೇ. ಅದು ಬರುತ್ತಿದೆ ಎಂಬುದಕ್ಕೆ ಈಚೆಯ ಬಾಯಲ್ಲಿ ಹಾರಾಡುವ ಕೆಂಪು ಬಟ್ಟೆಯೇ ಗುರುತು. ಫ್ಯಾನಿನ ಮೊರೆತಕ್ಕೆ ಕೂಗು ಕೇಳುವುದಿಲ್ಲ. ಆದ್ದರಿಂದ ಆಚೆಗೆ ಹೇಳುವುದೆಲ್ಲ ಸುತ್ತಿಗೆಯಲ್ಲಿ: ಪೈಪಿಗೆ ಎರಡು ಏಟು ಹಾಕಿದರೆ ಆಳು ಒಳಗೆ, ಮೂರು ಏಟು ಹಾಕಿದರೆ ಆಳು ಹೊರಗೆ. ಕೇಳಿಸಿತು ಎಂಬುದಕ್ಕೆ ಆಚೆಯಿಂದ ಒಂದು ಏಟು.

ಫ್ಯಾನ್ ನೋಡಿಕೊಳ್ಳುವವನಿಗೆ ಇವರು ಇಟ್ಟ ಹೆಸರು ಗಾಳಿಯಪ್ಪ. ಅವನಿಗೆ ಒಂದು ಏಟಿಗೆ ನಿಲ್ಲುವ ಅಭ್ಯಾಸವಿರಲಿಲ್ಲ. ಟಣ್ ಎಂದ ಮೇಲೆ ಒಂದು ಟಟಣ್-ಟಣ್ ಬಾಲ ಸೇರಿಸುತ್ತಿದ್ದ, ಮದುವೆ ಮನೆಯಲ್ಲಿ ಡೋಲು ಹೊಡೆಯುವವನ ಹಾಗೆ. ಇಲಿಗೆ ಅದು ಕೇಳಿದರೆ ಖುಷಿ. ಹುಷಾರಪ್ಪನಿಗೆ ಮೈ ಉರಿ. ಒಂದು ದಿನ ಗಾಳಿಯಪ್ಪ ಇಲಿ ಹೊರಗೆ ಬರುವ ಮೊದಲೇ ಫ್ಯಾನ್ ನಿಲ್ಲಿಸಿ ಊಟಕ್ಕೆ ಹೋಗಿಬಿಟ್ಟ. ಏನೂ ಆಗಲಿಲ್ಲ, ಆದರೆ ಎರಡೂ ಕಡೆಯವರು ಸೇರಿದ ಸಭೆಯಲ್ಲಿ ಹುಷಾರಪ್ಪ ಜನ್ಮದಲ್ಲಿ ಎತ್ತದ ದನಿ ಎತ್ತಿದ: "ಇವನ ಹೊಟ್ಟೆ ಹಸಿವು ದೊಡ್ಡದಾ, ನಮ್ಮ ಹುಡುಗನ ಉಸಿರು ದೊಡ್ಡದಾ?" ಗಾಳಿಯಪ್ಪ ತಲೆ ತಗ್ಗಿಸಿ ನಿಂತಿದ್ದ. ಅವತ್ತಿನಿಂದ ಆಚೆಯಿಂದ ಬರುತ್ತಿದ್ದದ್ದು ಒಂದೇ ಒಂದು ಒಣ ಏಟು.

ಸದ್ದು ಈ ಸಲ ಹತ್ತಿರದಲ್ಲೇ ಆಯಿತು. ಕಾಲಡಿಯ ಮಣ್ಣು ಸಣ್ಣಗೆ ನಡುಗಿತು. ಕಾವಲು ಪಡೆಯ ಅಧಿಕಾರಿ ಓಡಿ ಬಂದ. ಮೀಸೆ ಈಗಷ್ಟೇ ದಟ್ಟವಾಗುತ್ತಿದ್ದ ವಯಸ್ಸು, ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುವುದನ್ನೂ ಮರೆತಿದ್ದ.

"ಎಲ್ಲಾ ಬಸ್ಸು ಹತ್ತಿ. ಸಾಮಾನು ಬಿಡಿ. ಹತ್ತಿ, ಹತ್ತಿ!"

"ಸಾರ್, ಒಳಗೆ ಆಳಿದ್ದಾನೆ" ಎಂದ ಹುಷಾರಪ್ಪ.

"ಎಷ್ಟು ಹೊತ್ತು ಬೇಕು?"

"ಬರೋಷ್ಟು ಹೊತ್ತು, ಸಾರ್."

ಇನ್ನೂ ಫ್ಯಾನ್ ಬೇಕು ಎಂದು ತಿಳಿಸುವ ಎರಡು ಏಟು ಹಾಕಲು ಹುಷಾರಪ್ಪ ಸುತ್ತಿಗೆ ಎತ್ತಿದ. ಅಧಿಕಾರಿ ಅವನ ಮಣಿಕಟ್ಟು ಹಿಡಿದುಕೊಂಡ, ಸುತ್ತಿಗೆ ಕೆಳಗೆ ಬಿತ್ತು. "ತಲೆ ಕೆಟ್ಟಿದೆಯೇನ್ರಿ? ಈ ಹೊತ್ತಲ್ಲಿ ಕಬ್ಬಿಣದ ಸದ್ದು ಕೇಳಿದ್ರೆ ಆಚೆಯೋರು ಗುಂಡು ಅಂದ್ಕೊಳ್ತಾರೆ. ನಮ್ಮೆಲ್ಲರ ಕಥೆ ಮುಗೀತು." ಆ ಹಿಡಿತದಲ್ಲಿ ಬೆವರಿತ್ತು.

ಹುಷಾರಪ್ಪ ಹಗ್ಗ ಜಗ್ಗಿ ಸನ್ನೆ ಕೊಟ್ಟ. ಒಳಗಿನಿಂದ ಮರುಜಗ್ಗು ಬಂತು. ಎಳೆಯತೊಡಗಿದ. ಮಾರುಗಟ್ಟಲೆ ಹಗ್ಗ ಸಲೀಸಾಗಿ ಬಂದು ಕಾಲ ಬಳಿ ಸುರುಳಿಯಾಯಿತು. ಆಮೇಲೆ ಗಕ್ಕೆಂದು ನಿಂತಿತು. ಗಾಲಿ ಯಾವುದೋ ಹಳೆಯ ಬೆಸುಗೆಯ ಉಬ್ಬಿಗೆ ಸಿಕ್ಕಿಕೊಂಡಿರಬೇಕು. ಜೋರಾಗಿ ಎಳೆದರೆ ಹಗ್ಗ ಕಿತ್ತು ಬರುತ್ತದೆ. ಇಲಿಯೇ ಒಳಗೆ ಹೊರಳಿ ಗಾಲಿ ಬಿಡಿಸಿಕೊಳ್ಳಬೇಕು. ಕಾಯುವುದೊಂದೇ ದಾರಿ.

ದಿಬ್ಬದ ಆಚೆ ಬಂಡಿಗಳು ಶುರುವಾದ ಸದ್ದು ಕೇಳಿತು. ಒಂದರ ಹಿಂದೆ ಒಂದು, ಹಾರ್ನು ಹೊಡೆಯುತ್ತ, ದೂರವಾಗುತ್ತ. ಅವರೂ ಜಾಗ ಖಾಲಿ ಮಾಡುತ್ತಿದ್ದರು.

ಹೋದ, ಅವನೂ ಹೋದ, ಎಂದುಕೊಂಡ ಹುಷಾರಪ್ಪ. ಯಾಕೆ ನಿಲ್ಲುತ್ತಾನೆ? ನಾಲ್ಕು ಜನರ ಎದುರು ಮರ್ಯಾದೆ ತೆಗೆದವನ ಭಾವಮೈದುನನಿಗಾಗಿ ಯಾರು ನಿಲ್ಲುತ್ತಾರೆ? ನಾನಾಗಿದ್ದರೆ ನಿಲ್ಲುತ್ತಿದ್ದೆನೇ? ಈ ಪ್ರಶ್ನೆಗೆ ಉತ್ತರ ಅವನಿಗೆ ಗೊತ್ತಿತ್ತು. ಬಟ್ಟೆಯ ಕಡೆ ನೋಡಲು ಧೈರ್ಯ ಸಾಲದೆ ಪೈಪಿನ ಬಾಯಿಗೆ ಕೆನ್ನೆ ಒಡ್ಡಿದ.

ಗಾಳಿ ಬರುತ್ತಿತ್ತು. ಬೆಚ್ಚಗೆ, ಸುಟ್ಟ ಕಬ್ಬಿಣದ ವಾಸನೆ ಹೊತ್ತು, ಒಂದೇ ಸಮನೆ ಬರುತ್ತಿತ್ತು.

"ಕೊನೇ ಸಲ ಹೇಳ್ತಿದ್ದೀನಿ, ಹಗ್ಗ ಬಿಡಿ" ಎಂದ ಅಧಿಕಾರಿ. ಬಸ್ಸು ಆಗಲೇ ಗುರುಗುಟ್ಟುತ್ತಿತ್ತು. ಕಿಟಕಿಗಳಲ್ಲಿ ತಲೆಗಳು ಒಂದೂ ಕಾಣಲಿಲ್ಲ, ಎಲ್ಲರೂ ಬಗ್ಗಿ ಕೂತಿದ್ದರು. ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುತ್ತಿದ್ದರು, ಆದರೆ ಕೆಳಗಿಳಿಯಲಿಲ್ಲ.

"ಬಿಡಕ್ಕಾಗಲ್ಲ, ಸಾರ್. ಬೇಕಾದ್ರೆ ನೀವು ಹೊರಡಿ" ಎಂದ ಹುಷಾರಪ್ಪ. ಧೈರ್ಯದಿಂದಲ್ಲ. ಮನೆಯ ಬಾಗಿಲಲ್ಲಿ ನಿಂತಿರುವವಳಿಗೆ ಏನು ಹೇಳಬೇಕೆಂದು ತೋಚದೆ.

ಹಗ್ಗ ಸಡಿಲಾಯಿತು. ಎಳೆದ. ಬಂತು. ಎಳೆದ, ಎಳೆದ. ಅಂಗೈ ಉರಿದುಹೋಯಿತು. ಕತ್ತಲೆಯೊಳಗೆ ಮೊದಲು ಹಣೆಯ ದೀಪ, ಆಮೇಲೆ ಬೂದಿ ಬಳಿದುಕೊಂಡಂಥ ಮುಖ.

"ಏನ್ ಭಾವ ಇದು, ಹೀಗಾ ಎಳೆಯೋದು? ನಾನೇನು ಬಾವಿಗೆ ಬಿದ್ದ ಕೊಡಾನಾ?" ಎಂದ ಇಲಿ ಕೆಮ್ಮುತ್ತ. ಅವನ ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಒಂದು ಗೀರೂ ಆಗಬಾರದು ಎಂದಿದ್ದಳು. ಹುಷಾರಪ್ಪ ಅವನ ಕುತ್ತಿಗೆಯ ಪಟ್ಟಿ ಹಿಡಿದು, ಎಳೆಯ ಮಗುವನ್ನು ಎತ್ತುವ ಹಾಗೆ ಎತ್ತಿ ನಿಲ್ಲಿಸಿದ. ಅಧಿಕಾರಿ ಇಬ್ಬರನ್ನೂ ಬೆನ್ನಿಗೆ ಕೈಕೊಟ್ಟು ಬಸ್ಸಿನತ್ತ ದೂಡಿದ.

ಇಲಿ ಹತ್ತಿದ. ಹುಷಾರಪ್ಪ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂತಿರುಗಿ ನೋಡಿದ.

ಕೆಂಪು ಬಟ್ಟೆ ಇನ್ನೂ ಹಾರಾಡುತ್ತಿತ್ತು.

"ಭಾವ, ಆ ಗಾಳಿಯಪ್ಪ ಇನ್ನೂ ಅಲ್ಲೇ ಇದ್ದಾನಾ?" ಇಲಿ ಮೇಲಿನಿಂದ ಕೇಳಿದ. "ಅವರ ಬಂಡಿ ಎಲ್ಲ ಹೋದ ಹಾಗಿತ್ತಲ್ಲ?"

ಮೂರು ಏಟು ಕೇಳುವ ತನಕ ಗಾಳಿಯಪ್ಪ ಫ್ಯಾನ್ ಬಿಟ್ಟು ಅಲ್ಲಾಡುವುದಿಲ್ಲ. ಯಾಕೆಂದರೆ ಅಲ್ಲಾಡಬಾರದೆಂದು ಅವನಿಗೆ ಊರೆಲ್ಲ ಕೇಳುವ ಹಾಗೆ ಹೇಳಿದವನು ಈಗ ಬಸ್ಸು ಹತ್ತುತ್ತಿದ್ದ.

ಮೆಟ್ಟಿಲ ಮೇಲಿದ್ದ ಕಾಲು ಕೆಳಗಿಳಿಯಿತು. "ಎಲ್ಲಿಗ್ರಿ? ಏಯ್!" ಎಂದು ಅಧಿಕಾರಿ ಕೂಗಿದ್ದು ಕೇಳಿಸಿತು. "ಭಾವ! ಹುಷಾರು!" ಎಂದು ಇಲಿ ಕಿರುಚಿದ್ದೂ ಕೇಳಿಸಿತು. ಪ್ಯಾಂಟು ಒದ್ದೆಯಾಗಿತ್ತು, ಅದು ಬೆವರೋ ಏನೋ ಎಂದು ನೋಡಿಕೊಳ್ಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಸುತ್ತಿಗೆ ಬಿದ್ದ ಜಾಗದಲ್ಲೇ ಇತ್ತು. ಎರಡೂ ಕೈಯಲ್ಲಿ ಎತ್ತಿದ, ಕಣ್ಣು ಮುಚ್ಚಿಕೊಂಡ.

ಟಣ್. ಟಣ್. ಟಣ್.

ಹಿಂದೆ ಕಾವಲಿನವರು ದಬದಬನೆ ನೆಲಕ್ಕೆ ಬಿದ್ದರು. ಹುಷಾರಪ್ಪನೂ ಬಿದ್ದ. ಪೈಪಿಗೆ ಕಿವಿ ಹಚ್ಚಿ, ತಲೆಯ ಮೇಲೆ ಕೈ ಇಟ್ಟುಕೊಂಡು, ದಿಬ್ಬದ ಮೇಲಿನಿಂದ ಏನು ಬರುವುದೋ ಎಂದು ಕಾದ. ಏನೂ ಬರಲಿಲ್ಲ. ಕಿವಿಯ ಕೆಳಗೆ ಕಬ್ಬಿಣ ಗುಂಯ್‌ಗುಡುತ್ತಿತ್ತು.

ಆಮೇಲೆ, ದೂರದಿಂದ, ಒಂದು ಏಟು. ಸ್ವಲ್ಪ ತಡೆದು, ಟಟಣ್-ಟಣ್.

ಅವನು ತಲೆ ಎತ್ತಿ ನೋಡಿದ. ಕೆಂಪು ಬಟ್ಟೆ ಒಮ್ಮೆ ಉಬ್ಬಿತು, ಅರ್ಧಕ್ಕೆ ಇಳಿಯಿತು, ಮತ್ತೆ ಸ್ವಲ್ಪ ಏಳಲು ನೋಡಿತು. ಕೊನೆಗೆ ಪೈಪಿನ ಅಂಚಿಗೆ ಆತುಕೊಂಡು, ಒಗೆದು ಒಣಹಾಕಿದ ಮಗುವಿನ ಅಂಗಿಯ ಹಾಗೆ ಸುಮ್ಮನೆ ಜೋತುಬಿತ್ತು.